ಹುಬ್ಬಳ್ಳಿಯಿಂದ ಮೈಸೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಮೊದಲು ದೂರ. ಗೂಗಲ್ ಮ್ಯಾಪ್‌ನಲ್ಲಿ ರೂಟ್ ಹಾಕಿದರೆ ಬರುವುದು ರಸ್ತೆಯ ಕಿಲೋಮೀಟರು, ಅದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಹುಬ್ಬಳ್ಳಿ ಏರ್‌ಪೋರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಮೆಷರ್ ಡಿಸ್ಟೆನ್ಸ್' ಒತ್ತಿ, ಆಮೇಲೆ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್ ಮೇಲೆ ಕ್ಲಿಕ್ ಮಾಡಿ. ನೇರ ಗೆರೆಯ ದೂರ ಬರುತ್ತದೆ.

ಕೈಲೆಕ್ಕವೂ ಸುಲಭ. ಹುಬ್ಬಳ್ಳಿ ಅಕ್ಷಾಂಶ 15.36, ಮೈಸೂರು 12.23. ವ್ಯತ್ಯಾಸ 3.13. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ., ಅದರಿಂದ ಗುಣಿಸಿದರೆ 347 ಕಿ.ಮೀ. ರೇಖಾಂಶ 75.09 ಮತ್ತು 76.66, ವ್ಯತ್ಯಾಸ 1.57. ನಮ್ಮ ಕಡೆ ಒಂದು ಡಿಗ್ರಿ ರೇಖಾಂಶ ಅಂದರೆ ಸುಮಾರು 108 ಕಿ.ಮೀ., ಹಾಗಾಗಿ 170. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 386 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್, ಅಷ್ಟೇ.

ಈಗ ಹೊತ್ತು. ಮೈಸೂರಿನ ರನ್‌ವೇ 1,740 ಮೀಟರ್ ಮಾತ್ರ, ಅದಕ್ಕೇ ಅಲ್ಲಿಗೆ ಎಟಿಆರ್‌ನಂಥ ಸಣ್ಣ ಪ್ರೊಪೆಲ್ಲರ್ ವಿಮಾನ ಬರುತ್ತದೆ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಹಾಗೆ ನೋಡಿದರೆ 46 ನಿಮಿಷ. ಆದರೆ ನೆಲದ ಮೇಲೆ ಓಡುವುದು, ಮೇಲೇರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಇದಕ್ಕೆಲ್ಲ 25-30 ನಿಮಿಷ ಸೇರಿಸಿ. ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಇದೇ ದೂರವನ್ನು ದೊಡ್ಡ ಜೆಟ್ ಹಾರಿದರೂ ಉಳಿಯುವುದು ಹದಿನೈದು-ಇಪ್ಪತ್ತು ನಿಮಿಷ ಮಾತ್ರ, ಸಣ್ಣ ದೂರಕ್ಕೆ ವೇಗದಿಂದ ಲಾಭ ಕಡಿಮೆ.

ಜಾಸ್ತಿ ಹೊತ್ತು ಹೋಗುವುದು ಹೊರಗೆ, ಅಲ್ವಾ? ಮನೆಯಿಂದ ಗೋಕುಲ ರೋಡ್ ಏರ್‌ಪೋರ್ಟಿಗೆ ಅರ್ಧ ಗಂಟೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರಿ. ಇಳಿದ ಮೇಲೆ ಬ್ಯಾಗಿಗೆ 20 ನಿಮಿಷ, ಮಂಡಕಳ್ಳಿಯಿಂದ ಊರೊಳಗೆ 25 ನಿಮಿಷ. ಒಟ್ಟು ನಾಲ್ಕು ಗಂಟೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದನ್ನೇ ಹೇಳಿ, ಟಿಕೆಟ್‌ನಲ್ಲಿರುವ ಹೊತ್ತನ್ನಲ್ಲ.

ನೇರ ವಿಮಾನ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ. ಸಣ್ಣ ಊರುಗಳ ನಡುವಿನ ಮಾರ್ಗಗಳು ಶುರುವಾಗುತ್ತವೆ, ನಿಲ್ಲುತ್ತವೆ; ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ವೇಳಾಪಟ್ಟಿಯೇ ಬದಲಾಗುತ್ತದೆ. ನೇರ ಇಲ್ಲದಿದ್ದರೆ ಬೆಂಗಳೂರು ಸುತ್ತಿ ಹೋಗಬೇಕು. ಹುಬ್ಬಳ್ಳಿಯಿಂದ ಅಲ್ಲಿಗೇ 370 ಕಿ.ಮೀ. ಹಾರಾಟ, ಆಮೇಲೆ ಏರ್‌ಪೋರ್ಟಿನಿಂದ ಮೈಸೂರಿಗೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆ ಹತ್ತಿರ. ಎಲ್ಲ ಕೂಡಿಸಿದರೆ ಎಂಟು ಗಂಟೆ ಆಗುತ್ತದೆ. ಅಷ್ಟು ದುಡ್ಡು ಕೊಟ್ಟು ಸುಮ್ನೆ ಸುಸ್ತಾಗುವ ಬದಲು ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿ ಮಲಗಿ, ಬೆಳಿಗ್ಗೆ ಮೈಸೂರಲ್ಲಿ ಇಳಿಯಿರಿ.