ಮಾಜಿ ಅಧ್ಯಕ್ಷ ರಾಜಿ ಮಾಡಿಸಬಹುದಾ? ನಾನು ಮಾಡಿಸಿದ್ದು ಹೀಗೆ

"ಪಾರ್ಟಿಯವನು ನ್ಯಾಯ ಹೇಳಕ್ಕೆ ಬಂದ" ಅಂತ ನಕ್ಕವರೇ ಈಗ ಫೋನ್ ಮಾಡಿ "ನಮ್ಮೂರಿಗೂ ಒಂದ್ಸಲ ಬನ್ನಿ ಅಧ್ಯಕ್ಷರೇ" ಅನ್ನುತ್ತಾರೆ. ಸ್ವಲ್ಪ ಜಂಬ ಇದೆ, ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ಬೈಸಿಕೊಂಡವನಿಗೆ ಅಷ್ಟಾದರೂ ಬೇಡವಾ?

ನಾನು 2010ರ ಚುನಾವಣೆಯಲ್ಲಿ ಗೆದ್ದು 30 ತಿಂಗಳು ಗ್ರಾಮ ಪಂಚಾಯ್ತಿ ಅಧ್ಯಕ್ಷನಾಗಿದ್ದೆ. 2015ರಲ್ಲಿ ಸೋತೆ. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ನಿಜ. ಆದರೆ ಯಾರು ಯಾವ ಕಡೆ ಅನ್ನುವುದು ಊರಿನ ಮಕ್ಕಳಿಗೂ ಗೊತ್ತು.

ಜಗಳ ತುಮಕೂರು ಕಡೆಯ ಎರಡು ಊರಿನದು. ಹೆಸರು ಬೇಡ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆ ಸೇರಬೇಕು. ನಡುವೆ ಒಂದಷ್ಟು ದೂರ ಹಳ್ಳ ಮುಚ್ಚಿ ಅಡಿಕೆ ಇಟ್ಟಿದ್ದರು. 2022ರ ಮಳೆಗೆ ಕೋಡಿ ಬಿತ್ತು. ನೀರು ದಾರಿ ಕಾಣದೆ ಕೆಳಗಿನವರ ರಾಗಿ ಹೊಲಕ್ಕೆ ನುಗ್ಗಿತು. ರಾತ್ರಿ ಯಾರೋ ಅಡಿಕೆ ಗಿಡ ಕಡಿದರು. ಬೆಳಗ್ಗೆ ಹೊಡೆದಾಟ. ಎರಡೂ ಕಡೆಯಿಂದ ಕೇಸು. ಆ ವರ್ಷ ಜಾತ್ರೆಯೂ ನಿಂತಿತು. ತೇರು ಮೇಲಿನವರದ್ದು, ಮೊದಲು ಹಗ್ಗ ಹಿಡಿಯುವ ಹಕ್ಕು ಕೆಳಗಿನವರದ್ದು. ಯಾರು ಯಾರನ್ನು ಕರೆಯಬೇಕು?

ಮೊದಲ ಸಲ ನಮ್ಮ ಮನೆ ಜಗಲಿಯಲ್ಲೇ ಕೂರಿಸಿದೆ. ಪೆದ್ದ ಕೆಲಸ. ನನ್ನ ಹೆಂಡತಿ ಹದಿನೆಂಟೋ ಇಪ್ಪತ್ತೋ ಲೋಟ ಟೀ ತಂದಿಟ್ಟಳು. ಮೇಲಿನವರು ಕುಡಿದರು. ಕೆಳಗಿನವರ ಲೋಟಗಳು ಹಾಗೇ ಕೂತವು, ಮೇಲೆ ಕೆನೆ ಕಟ್ಟಿತು. ಅವರಲ್ಲಿ ಒಬ್ಬ ಹಿರಿಯರು ಗೋಡೆ ಕಡೆಗೇ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ. ನಮ್ಮ ಎಮ್ಮೆಲ್ಲೆಗೆ ನಾನು ಹಾರ ಹಾಕುತ್ತಿರುವ ಫೋಟೊ! ಹತ್ತು ವರ್ಷದಿಂದ ಅಲ್ಲೇ ಇದ್ದುದರಿಂದ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಎರಡನೇ ಸಲ ದೇವಸ್ಥಾನದ ಮುಂದೆ. ಅಲ್ಲಿ ಕೇರಿಯವರು ದೂರದಲ್ಲೇ ನಿಂತರು. ನೀರು ನುಗ್ಗಿದ್ದರಲ್ಲಿ ಅವರ ಹೊಲವೇ ಜಾಸ್ತಿ. ಅವರನ್ನು ನಿಲ್ಲಿಸಿಕೊಂಡು ಎಂಥ ನ್ಯಾಯ? ಅರ್ಧ ಗಂಟೆಗೆ ಎಬ್ಬಿಸಿದೆ. ಆಮೇಲೆಲ್ಲ ಭಾನುವಾರ, ಸ್ಕೂಲಿನ ವರಾಂಡ, ಎಲ್ಲರಿಗೂ ಒಂದೇ ಜಮಖಾನ.

ಮೂರನೆಯದಕ್ಕೆ ಬಾಡೂಟ ಹಾಕಿಸಿದೆ. ಹನ್ನೊಂದು ಸಾವಿರದ ಹತ್ತಿರ ಖರ್ಚು. ರಾತ್ರಿ ಎಲ್ಲದಕ್ಕೂ ಹೂಂ ಅಂದರು. ಬೆಳಗ್ಗೆ ಎದ್ದು "ಯಾವಾಗ ಅಂದ್ವಿ?" ಅಂದರು. ವಾಟ್ಸಾಪ್ ಗ್ರೂಪು ಮಾಡಿದ್ದೂ ಉಂಟು. ಮೂರು ದಿನ ಗುಡ್ ಮಾರ್ನಿಂಗ್, ನಾಲ್ಕನೇ ದಿನ ವಾಯ್ಸ್ ಮೆಸೇಜಿನಲ್ಲಿ ಅವ್ವ-ಅಪ್ಪ ಎಲ್ಲ ಬಂದರು. ಮುಚ್ಚಿದೆ.

ಆ ಹೊತ್ತಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೊಬೈಲಿನಲ್ಲಿ ಬೇರೆ ದೇಶದ ಮಾಜಿಗಳು ಏನು ಮಾಡಿದರು ಅಂತ ಓದುತ್ತಿದ್ದೆ. ನಗಬೇಡಿ. ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಇಂಡೋನೇಷ್ಯಾದಲ್ಲಿ ‘ಆಚೆ’ (Aceh) ಅನ್ನುವ ಹೆಸರಿನ ಪ್ರಾಂತ್ಯದ ಸುಮಾರು 30 ವರ್ಷದ ಬಡಿದಾಟಕ್ಕೆ ಸರ್ಕಾರವನ್ನೂ ಬಂಡುಕೋರರನ್ನೂ ಹೆಲ್ಸಿಂಕಿಯಲ್ಲಿ ಕೂರಿಸಿ 2005ರ ಆಗಸ್ಟಿನಲ್ಲಿ ಸಹಿ ಹಾಕಿಸಿದರು. ಅದಕ್ಕೆ ಮೊದಲ ಡಿಸೆಂಬರಿನಲ್ಲೇ ಸುನಾಮಿ ಆ ಪ್ರಾಂತ್ಯವನ್ನು ಕೊಚ್ಚಿಹಾಕಿತ್ತು. ಸೋತು ಕೂತ ಹೊತ್ತಿನಲ್ಲಿ ಜನ ಮಾತು ಕೇಳುತ್ತಾರೆ. ನಮಗೆ ಸಿಕ್ಕಿದ್ದು 2023ರ ಬರ. ಎರಡೂ ಕೆರೆ ಬತ್ತಿದ್ದವು. ಕದಿಯಲು ನೀರೇ ಇಲ್ಲದಾಗ ಜಗಳದ ಕಾವೂ ಇಳಿಯುತ್ತದೆ. ಅದನ್ನು ಬಿಡಬಾರದು ಅನ್ನಿಸಿತು.

ಅದೇ ಅಹ್ತಿಸಾರಿ, ಸರ್ಬಿಯಾದಿಂದ ಬೇರೆಯಾಗಲು ಹೊರಟಿದ್ದ ಕೊಸೊವೊ ವಿಷಯಕ್ಕೆ ಕೂತಾಗ ಸರ್ಬಿಯಾದವರು "ಇವರು ಕೊಸೊವೊ ಕಡೆಯವರು" ಅಂದರು. ಯಾಕೆ ಅಂದರೆ ಅಲ್ಲಿ ಮಾತುಕತೆ ಹರಿಯಲಿಲ್ಲ. ಕೊನೆಗೆ 2007ರಲ್ಲಿ ಕೊಸೊವೊಗೆ ಸ್ವಾತಂತ್ರ್ಯ ಕೊಡಿ ಅಂತ ಅವರೇ ಶಿಫಾರಸು ಬರೆದರು. ಮನುಷ್ಯ ಅದೇ, ಕೆಲಸ ಬೇರೆ: ಮೊದಲನೆಯದು ರಾಜಿ, ಎರಡನೆಯದು ತೀರ್ಪು. ಹಾಗಾಗಿ ನಾನು ತೀರ್ಪು ಹೇಳುವುದನ್ನು ಪೂರ್ತಿ ಬಿಟ್ಟೆ. "ನೀವೇ ಹೇಳಿ ಅಧ್ಯಕ್ಷರೇ" ಅಂದಾಗ ಬಾಯಿ ತುರಿಸುತ್ತದೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ.

ಇನ್ನೊಂದು ಪಾಠ ಉತ್ತರ ಐರ್ಲೆಂಡಿನದು. ಅಲ್ಲಿನ ಶಾಂತಿ ಮಾತುಕತೆಗೆ ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ಒಬ್ಬರೇ ಕೂರಲಿಲ್ಲ. ಫಿನ್ಲೆಂಡಿನ ಮಾಜಿ ಪ್ರಧಾನಿ ಒಬ್ಬರು, ಕೆನಡಾದ ಜನರಲ್ ಒಬ್ಬರು ಪಕ್ಕದಲ್ಲಿದ್ದರು. ನನ್ನ ಪಕ್ಕಕ್ಕೆ ಯಾರು? 2015ರಲ್ಲಿ ನನ್ನನ್ನು ಮೂವತ್ತೆಂಟು ವೋಟಿನಲ್ಲಿ ಸೋಲಿಸಿದವನ ಮನೆಗೆ ಹೋದೆ. ಎಂಟು ವರ್ಷದಲ್ಲಿ ಮೊದಲ ಸಲ. ಅವನ ತಾಯಿ "ಯಾರು ಸತ್ರು?" ಅಂತ ಕೇಳಿದರು.

ಬಂದ. ನನ್ನ ಮೇಲೆ ಅವನ ಕಣ್ಣು, ಅವನ ಮೇಲೆ ನನ್ನ ಕಣ್ಣು. ಯಾವ ಕಡೆಗೂ ಸೇರದ ಮನುಷ್ಯನನ್ನು ಹುಡುಕಿ ನೀವು ಸುಸ್ತಾಗಬೇಡಿ, ನಮ್ಮ ತಾಲ್ಲೂಕಿನಲ್ಲಂತೂ ಅಂಥವನು ಇಲ್ಲ.

ಆದರೂ ಕೆಳಗಿನವರು ಸಡಿಲ ಆಗಲಿಲ್ಲ. ಐದನೇ ಸಲ ಕೂತಾಗ ಫೋಟೊ ನೋಡಿದ್ದ ಹಿರಿಯರೇ ಕೇಳಿದರು: "ನಿನ್ ಕಾಲದಲ್ಲಿ ಅವರಿಗೆ ಕಾಂಕ್ರೀಟ್ ರಸ್ತೆ ಬಂತು, ನಮಗ್ಯಾಕೆ ಬರಲಿಲ್ಲ ಹೇಳಪ್ಪ." ಬಿಲ್ಲು, ಅನುದಾನ, ಆಕ್ಷನ್ ಪ್ಲಾನ್, ಹೇಳಲು ನೂರು ನೆಪ ಇತ್ತು. ಪಕ್ಕದಲ್ಲಿ ಕೂತವನಿಗೆ ಎಲ್ಲ ಗೊತ್ತು. "ಅಲ್ಲಿ ನನ್ನ ವೋಟು ಜಾಸ್ತಿ ಇತ್ತು, ಅದಕ್ಕೆ" ಅಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರು "ಟೀ ತರಿಸು" ಅಂದರು.

ಅವತ್ತೇ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟೆ: ನಾನಾಗಲಿ, ನನ್ನ ಹೆಂಡತಿ ಮಕ್ಕಳಾಗಲಿ ಮುಂದೆ ಚುನಾವಣೆಗೆ ನಿಲ್ಲುವುದಿಲ್ಲ. ಮನೆಗೆ ಬಂದು ಹೇಳಿದಾಗ ಹೆಂಡತಿ "ನನ್ನನ್ನು ಕೇಳಿದ್ರಾ?" ಅಂದಳು. ಕೇಳಿರಲಿಲ್ಲ.

ಮುಂದಿನದು ಬೇಗ ಆಯಿತು. ಹಳ್ಳ ಖರಾಬು ಜಾಗ, ಅಂದರೆ ಸಾರ್ವಜನಿಕರದ್ದು, ರಾಜಿ ಮಾಡಿಕೊಳ್ಳಲು ಅದು ಯಾರಪ್ಪನದೂ ಅಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಗ್ರಾಮ ನಕ್ಷೆ ಹಿಡಿದು ಎರಡೂ ಊರಿನ ಹತ್ತು ಹತ್ತು ಜನರನ್ನು ಕೋಡಿಯಿಂದ ಕೆಳಗಿನ ಕೆರೆಯವರೆಗೆ ನಡೆಸಿದೆ. ಸರ್ವೆಯವರು ಕಲ್ಲು ತೋರಿಸಿದರು. ಅಡಿಕೆಯವರು ಮುಚ್ಚಿದ್ದನ್ನು ತಾವೇ ತೆಗೆಯುವುದು, ರಾತ್ರಿ ಕಡಿದ ಗಿಡಗಳಲ್ಲಿ ಸ್ವಂತ ಹಿಡುವಳಿಯೊಳಗೆ ಇದ್ದವಕ್ಕೆ ಕೆಳಗಿನವರು ದುಡ್ಡು ಕೊಡುವುದು. ಮೂವತ್ತು ಸಾವಿರ ಚಿಲ್ಲರೆಗೆ ನಿಂತಿತು. ಎಲ್ಲ ಮುಗಿಯುವ ತನಕ ಯಾವ ಅಂಶಕ್ಕೂ ಬಿಡಿಬಿಡಿಯಾಗಿ ಸಹಿ ಹಾಕಿಸಲಿಲ್ಲ. ಇದೂ ಅಹ್ತಿಸಾರಿ ಪದ್ಧತಿಯೇ. ರಾಜಿಗೆ ಬರುವ ಕೇಸುಗಳನ್ನು ಲೋಕ ಅದಾಲತ್ತಿನಲ್ಲಿ ಮುಗಿಸಿದೆವು. ಅಲ್ಲಿ ಆದದ್ದಕ್ಕೆ ಅಪೀಲು ಇಲ್ಲ, ಸಿವಿಲ್ ದಾವೆಗೆ ಕಟ್ಟಿದ ಕೋರ್ಟ್ ಫೀಸೂ ವಾಪಸ್.

ನನ್ನ ಕೈಯಿಂದ ಹೋಗಿದ್ದು ಬಾಡೂಟ ಸೇರಿ ನಲವತ್ತು ಸಾವಿರದ ಆಸುಪಾಸು, ಪೆಟ್ರೋಲೇ ಜಾಸ್ತಿ. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಆ ಬಿಳಿ ಹಾಳೆಗೆ ಬೆಲೆ ಇರುತ್ತಿರಲಿಲ್ಲ. ಪಂಚಾಯ್ತಿಯ ಹಿಂದಿನ ರಾತ್ರಿ ಯಾರಿಗೆ ಮೊದಲು ಫೋನ್ ಮಾಡುತ್ತಿದ್ದೆ, ಏನು ಕೇಳುತ್ತಿದ್ದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಇನ್ನೊಂದು ಜಗಳ ಕಾದಿದೆ.

2024ರಲ್ಲಿ ಮಳೆ ಬಂತು, ಹಳ್ಳದಲ್ಲಿ ನೀರು ಹರಿಯಿತು. ಆಮೇಲಿನ ಜಾತ್ರೆಯಲ್ಲಿ ಹಗ್ಗವನ್ನೂ ಹಿಡಿದರು. ಫೋಟೊ ಇಳಿಸಿದ ಜಾಗದಲ್ಲಿ ಗೋಡೆ ಬಣ್ಣ ಬೇರೆಯಾಗಿ ಕಾಣುತ್ತದೆ, ಇನ್ನೂ ಸುಣ್ಣ ಹೊಡೆಸಿಲ್ಲ.

ಒಂದೇ ತಲೆನೋವು ಉಳಿದಿದೆ. ಪಕ್ಕದಲ್ಲಿ ಕೂತವನಿಗೆ ಮುಂದಿನ ಚುನಾವಣೆಗೆ ನಿಲ್ಲುವ ಆಸೆ ಹತ್ತಿದೆ. ನಿಂತರೆ ಜಮಖಾನ ಬಿಟ್ಟು ಏಳು ಅಂದಿದ್ದೇನೆ. ಯೋಚನೆ ಮಾಡ್ತೀನಿ ಅಂದಿದ್ದಾನೆ.