ಭಾರದ ಲೆನ್ಸಿಗೆ ಒಂದು ಕವೆ ಕೊಡಿ ಮಾರಾಯ್ರೆ

ಮೊನ್ನೆ ಅಕ್ಕನ ಮೊಮ್ಮಗ ಮಣಿಪಾಲದಿಂದ ಬಂದಿದ್ದ. ಜೊತೆಗೆ 4x5 ಇಂಚು ಫಿಲ್ಮಿನ ದೊಡ್ಡ ಕ್ಯಾಮೆರಾ, ಅದರ ಮೂತಿಗೆ ಕೊಡಾಕಿನ ಏರೊ ಎಕ್ಟಾರ್ ಲೆನ್ಸು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದಿಂದ ನೆಲದ ಫೋಟೊ ತೆಗೆಯಲಿಕ್ಕೆ ಮಾಡಿದ್ದು ಅದು. ಫೋಕಲ್ ಲೆಂತ್ 178 ಮಿ.ಮೀ., ಹೆಚ್ಚುಕಡಿಮೆ ಒಂದು ಕಿಲೊ ತೂಕ. ಲೆನ್ಸು ಕೂರಿಸುವ ಮುಂದಿನ ಚೌಕಟ್ಟು ಆ ಭಾರಕ್ಕೆ ತಲೆ ತಗ್ಗಿಸಿ ನಿಂತಿದೆ, ಇವನು ಮೇಲಿನಿಂದ ರಬ್ಬರ್ ಬ್ಯಾಂಡ್ ಹಾಕಿ ಎಳೆದು ಕಟ್ಟಿದ್ದಾನೆ! ರಬ್ಬರ್ ಬ್ಯಾಂಡ್ ಜಡೆಗೆ ಹಾಕುವುದು, ಲೆನ್ಸಿಗಲ್ಲ.

ಸ್ಟ್ಯಾಂಡಿನ ಒಂದು ಕಾಲು ಲೆನ್ಸಿನ ದಿಕ್ಕಿಗೇ ಇರಬೇಕು ಅಂತ ನಾನು ಹೇಳಿಕೊಡಬೇಕಾ? ಇವನದ್ದು ಎರಡು ಕಾಲು ಮುಂದೆ, ನಡುವೆ ಲೆನ್ಸು ನೇತಾಡುತ್ತಿತ್ತು. ಕ್ಯಾಮೆರಾವನ್ನೂ ಸ್ವಲ್ಪ ಹಿಂದಕ್ಕೆ ಸರಿಸಿ ಕೂರಿಸಬೇಕು. ಇಷ್ಟಕ್ಕೇ ಅರ್ಧ ತೊಂದರೆ ಹೋಗುತ್ತದೆ.

ಲೆನ್ಸು ಕೂದಲೆಳೆಯಷ್ಟು ಬಗ್ಗಿದರೂ ಚೂಪು ಓರೆಯಾಗುತ್ತದೆ. ಮದುಮಗಳ ಕಣ್ಣು ಚೂಪು, ಸೀರೆಯ ನೆರಿಗೆ ಮಸುಕು. ನಮ್ಮ ಸ್ಟುಡಿಯೊದಲ್ಲೂ ಹಾಗೆ ಆದದ್ದುಂಟು. ಉಡುಪಿಯಲ್ಲಿ ಜೋರು ಮಳೆ. ಹಿತ್ತಾಳೆಯ ಹಳೇ ಪೋರ್ಟ್ರೇಟ್ ಲೆನ್ಸಿನ ಅಡಿಗೆ ಯಜಮಾನರು ಬೆಂಕಿಪೊಟ್ಟಣ ಇಡುತ್ತಿದ್ದರು. ತೇವಕ್ಕೆ ಮೆತ್ತಗಾಗಿದ್ದ ಪೊಟ್ಟಣ, ಶಟರ್ ತೆರೆಯಲಿಕ್ಕೆ ರಬ್ಬರ್ ಬಲ್ಬ್ ಒತ್ತಿದ ಹೊತ್ತಿಗೇ ಕುಸಿಯಿತು. ನೆಗೆಟಿವ್ ತೊಳೆದು ನೋಡಿದರೆ ಮದುಮಗಳಿಗೆ ಎರಡೆರಡು ಮೂಗುತಿ. ಅವಳ ಅಮ್ಮ ಅಂದ ಮಾತು ಇಲ್ಲಿ ಬರೆಯುವುದಿಲ್ಲ.

ಆಮೇಲೆ ನಾನೇ ಕವೆ ಮಾಡಿದೆ. ಗೊನೆ ಹಾಕಿದ ಬಾಳೆಗೆ ಕವೆಕೋಲು ಕೊಡುವುದಿಲ್ವಾ, ಅದೇ. ಎರಡು ಬೆರಳು ದಪ್ಪದ ಹಲಸಿನ ಹಲಗೆಯ ತುಂಡು ಸಾಕು. ಮೇಲ್ಗಡೆ ಅರ್ಧಚಂದ್ರ ಕೊರೆಸಿ, ಲೆನ್ಸಿನ ಕೊಳವೆಗಿಂತ ಸ್ವಲ್ಪ ಅಗಲಕ್ಕೆ. ಒಳಗೆ ಹಳೇ ಫ್ಲಾನೆಲ್ ಎರಡು ಪದರ ಅಂಟಿಸಿ. ಮೈದಾ ಅಂಟು ಬೇಡ, ಮಳೆಗಾಲದಲ್ಲಿ ಜಿರಳೆ ತಿನ್ನುತ್ತದೆ. ಕವೆಯ ಬುಡಕ್ಕೆ ಎರಡು ಬೆಣೆ, ಎದುರುಬದುರು ಮುಖ ಮಾಡಿ. ಎರಡನ್ನೂ ಒಳಕ್ಕೆ ತಳ್ಳಿದರೆ ಕವೆ ಓರೆಯಾಗದೆ ನೇರ ಮೇಲೇಳುತ್ತದೆ. ಬೆಣೆಗೆ ಮೇಣ ಹಚ್ಚಬೇಡಿ, ಜಾರುತ್ತದೆ. ಇದೆಲ್ಲ ಕೂರಬೇಕಾದ್ದು ಕ್ಯಾಮೆರಾದ ಮುಂದಿನ ಹಲಗೆಯ ಮೇಲೆ. ನೆಲದಿಂದ ಕೋಲು ಕೊಟ್ಟರೆ ಕೋಲು ಒಂದು ಕಡೆ ಅಲುಗುತ್ತದೆ, ಕ್ಯಾಮೆರಾ ಇನ್ನೊಂದು ಕಡೆ.

ಮೊದಲು ಮುಂದಿನ ಚೌಕಟ್ಟು ನೆಟ್ಟಗೆ ಮಾಡಿ ಬಿಗಿ ಮಾಡಿ. ಫೋಕಸ್ ಹಿಂದಿನ ಚೌಕಟ್ಟು ಸರಿಸಿ ಮಾಡಿ, ಮುಂದಿನದ್ದನ್ನು ಮತ್ತೆ ಮುಟ್ಟಬೇಡಿ. ಆಮೇಲೆ ಕವೆ. ಈಗ ಒಂದು ಹಳೇ ಬಸ್ ಟಿಕೆಟ್ ತೆಗೆದುಕೊಳ್ಳಿ. ನಮ್ಮ ಸರ್ವಿಸ್ ಬಸ್ಸಿನ ತೆಳು ಟಿಕೆಟ್ಟೇ ಒಳ್ಳೆಯದು. ಅದನ್ನು ಲೆನ್ಸಿಗೂ ಫ್ಲಾನೆಲಿಗೂ ನಡುವೆ ತೂರಿಸಿ, ಬೆಣೆಯನ್ನು ಉಗುರಿನಿಂದ ಮೆಲ್ಲ ತಟ್ಟುತ್ತಾ ಹೋಗಿ. ಟಿಕೆಟ್ ಬಿಟ್ಟರೆ ಬೀಳಬಾರದು, ಎಳೆದರೆ ಹರಿಯಬಾರದು. ಸಣ್ಣಗೆ ಹಿಡಿದು ಹಿಡಿದು ಹೊರಗೆ ಬರಬೇಕು. ಹರಿಯಿತಾ? ಕವೆ ಲೆನ್ಸನ್ನು ಮೇಲಕ್ಕೆ ದೂಡುತ್ತಿದೆ, ಚೌಕಟ್ಟು ಈಗ ಹಿಂದಕ್ಕೆ ವಾಲುತ್ತದೆ. ನಾಲ್ಕು ಸಲ ಬೇಕಾದರೆ ನಾಲ್ಕು ಸಲ ಮಾಡಿ, ಎಂತ ಅರ್ಜೆಂಟು? ಮತ್ತೆ ಕಪ್ಪು ಬಟ್ಟೆಯೊಳಗೆ ಹೋಗಿ ಚಿತ್ರ ಮೂಡುವ ಹಿಂದಿನ ಗಾಜಿನ ಮೇಲಂಚು, ಕೆಳಅಂಚು ಎರಡನ್ನೂ ಲೂಪಿನಲ್ಲಿ, ಅಂದರೆ ಭೂತಗನ್ನಡಿಯಲ್ಲಿ, ನೋಡಿ. ನಡು ಮಾತ್ರ ನೋಡಿ ಹೊರಬರುವವರೇ ಜಾಸ್ತಿ.

ಇನ್ನೊಂದು ಹೇಳಿಬಿಡುತ್ತೇನೆ. ಇದೇ ಹುಡುಗ ನಮ್ಮ ಹಿತ್ತಾಳೆ ಲೆನ್ಸು ಕಂಡು "ಅಜ್ಜಿ, ಹುಣಸೆಹಣ್ಣು ಹಾಕಿ ತಿಕ್ಕಲಾ?" ಅಂದ. ಹುಣಸೆ ಕಾಲುದೀಪಕ್ಕೆ. ಅದಕ್ಕೂ ತಿಕ್ಕಿ ತೊಳೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸದಿದ್ದರೆ ಕಲೆ ಬೀಳುತ್ತದೆ. ಲೆನ್ಸಿನ ಹತ್ತಿರ ಹುಳಿಯೂ ಬೇಡ, ನೀರೂ ಬೇಡ.

ಬೆಲ್ಲೋಸ್, ಅಂದರೆ ಕ್ಯಾಮೆರಾದ ನಡುವಿನ ಮಡಿಕೆ ಚೀಲ, ತುಂಬ ಉದ್ದಕ್ಕೆ ಎಳೆದು ಲೆನ್ಸು ಹಲಗೆಯಿಂದ ಆಚೆ ಹೋದರೆ ಕವೆ ಸಾಲದು, ಮುಂದೆ ಎರಡನೇ ಸ್ಟ್ಯಾಂಡ್ ಕೊಡಬೇಕು. ಕೆಲಸ ಮುಗಿದ ಮೇಲೆ ಮೊದಲು ಲೆನ್ಸು ಕಳಚಿ, ಆಮೇಲೆ ಬೆಣೆ ತೆಗೆಯಿರಿ. ಇವನು ಬೆಣೆ ಮೊದಲು ಎಳೆದ. ನಾನು ಸೆರಗು ಒಡ್ಡಿ ಲೆನ್ಸು ಹಿಡಿದೆ.