ಕೌದಿಯನ್ನು ಪಟ್ಟಿ ಪಟ್ಟಿಯಾಗಿ ಹೊಲಿದು ಜೋಡಿಸುವುದು ಹೇಗೆ?

ಹಳೇ ಸೀರೆಗಳ ಗಂಟು ಎಲ್ಲರ ಮನೆಯಲ್ಲೂ ಇದೆ. ಕೌದಿ ಹೊಲಿಯುವ ಆಸೆಯೂ ಇದೆ. ಜಾಗ ಮಾತ್ರ ಇಲ್ಲ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಯನ್ನು ನೆಲಕ್ಕೆ ಹಾಸಿ, ಸುತ್ತ ನಾಲ್ಕು ಮಂದಿ ಕೂತು ಹೊಲಿಯುವಂಥ ಪಡಸಾಲೆ ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಎಲ್ಲಿ ಸಿಗಬೇಕು? ಮಷಿನ್ ಮೇಲೆ ಹೊಲಿಯೋಣ ಅಂದರೆ, ಸುತ್ತಿದ ಕೌದಿ ಮನೆ ಮಷಿನ್ನಿನ ತೋಳಿನ ಕೆಳಗೆ ತೂರುವುದೇ ಇಲ್ಲ.

ಅದಕ್ಕೇ ಈಗ ತುಂಡು ತುಂಡಾಗಿ ಹೊಲಿದು ಆಮೇಲೆ ಜೋಡಿಸುವವರು ಜಾಸ್ತಿಯಾಗಿದ್ದಾರೆ. ದಾರಿ ಒಳ್ಳೆಯದೇ. ಆದರೆ ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ನಾನು ನೋಡಿದ ಇಂಥ ಕೌದಿಗಳಲ್ಲಿ ಬಹಳಷ್ಟು ಕೆಟ್ಟಿರುವುದು ಜೋಡಣೆಯಲ್ಲೇ. ಅಂಚಿನ ತನಕ ಹೊಲಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲ ಪದರು ಸೇರಿಸಿ ಒಂದೇ ಹೊಲಿಗೆ ಹಾಕಿಬಿಡುತ್ತಾರೆ. ಹಿಂದೆ ಹಗ್ಗದಂಥ ಗೆರೆ ಏಳುತ್ತದೆ. ಮಲಗಿದರೆ ಬೆನ್ನಿಗೆ ಒತ್ತುತ್ತದೆ. ಇಷ್ಟು ಕಷ್ಟಪಟ್ಟು ಹೊಲಿದದ್ದು ಕೊನೆಗೆ ಮಂಚದ ಕೆಳಗೆ ಸೇರುತ್ತದೆ. ಇದು ಆಗಬಾರದು.

1. ಬಟ್ಟೆ ಆರಿಸುವುದು

ಹತ್ತಿ ಬಟ್ಟೆ ಮಾತ್ರ. ಹಳೇ ಸೀರೆ, ಧೋತರ, ಲುಂಗಿ, ಎಲ್ಲವೂ ಆಗುತ್ತವೆ. ಜಾರುವ ಸಿಂಥೆಟಿಕ್ ಸೀರೆ ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದು ಬೆವರು ಹೀರುವುದಿಲ್ಲ. ಒಳಗೆ ಫೋಮ್ ಹಾಳೆ ಹಾಕಿ ಎನ್ನುವ ಅಂಗಡಿಯವರ ಮಾತನ್ನೂ ಕೇಳಬೇಡಿ. ಎರಡು ಪದರು ಹಳೇ ಧೋತರ ಸಾಕು, ಹಾಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು.

ಇಳಕಲ್ ಸೀರೆ ಇದ್ದರೆ ಒಂದು ಮಾತು. ಅದರಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಎನ್ನುವ ಕುಣಿಕೆಗಳಿಂದ ಕೂಡಿಸಿರುತ್ತಾರೆ. ಆ ಕೂಡು ನಿಮ್ಮ ಕತ್ತರಿಯ ಗೆರೆಗೆ ಬರದಂತೆ ನೋಡಿಕೊಳ್ಳಿ. ರೇಷ್ಮೆ ಸೆರಗಾದರೆ ಬೇರೆ ತೆಗೆದಿಡಿ. ಜರಿ ಇದ್ದರೂ ಅಷ್ಟೇ, ಮೈಗೆ ಗೀರುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ತುಂಡು ಯಾರಾದರೂ ಕೊಟ್ಟಿದ್ದರೆ ನಡುಪಟ್ಟಿಯ ಮಧ್ಯದಲ್ಲಿ ಇಡಿ, ಚೆಂದ ಕಾಣುತ್ತದೆ. ಕನ್ನಡಿ ಇರುವಂಥದ್ದು ಮಾತ್ರ ಹೊದಿಕೆಗೆ ಬೇಡ.

ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ. ಕೆಂಪು, ಕಡುನೀಲಿ ಬಟ್ಟೆಯ ಮೇಲೆ ಒದ್ದೆಯ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ, ಬಿಡುವುದು ನಿಲ್ಲುವ ತನಕ ಒಗೆಯಿರಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ನಂಬಿ ಕೂರಬೇಡಿ.

2. ಪಟ್ಟಿ ಕತ್ತರಿಸುವುದು

ಮೊದಲ ಸಲ ಹೊಲಿಯುವವರು ಚೌಕಗಳ ಗೋಜಿಗೆ ಹೋಗಬೇಡಿ. ಮೂರು ಉದ್ದ ಪಟ್ಟಿ ಮಾಡಿ. ಆಗ ಎರಡೇ ಜೋಡಣೆ. ಚೌಕಗಳಾದರೆ ನಾಲ್ಕು ಮೂಲೆ ಒಂದೆಡೆ ಸೇರುವ ತಲೆನೋವು ಬೇರೆ.

ಒಂದೊಂದು ಪಟ್ಟಿಯನ್ನು 22 ಇಂಚು ಅಗಲ, 86 ಇಂಚು ಉದ್ದ ಕತ್ತರಿಸಿ. ಹೊಲಿಯುತ್ತಾ ಹೋದಂತೆ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಈ ಹೆಚ್ಚುವರಿ. ಹೊಲಿದ ಮೇಲೆ ಮೂರನ್ನೂ 21 ಇಂಚು ಅಗಲ, 84 ಇಂಚು ಉದ್ದಕ್ಕೆ ಸರಿಯಾಗಿ ಕತ್ತರಿಸುತ್ತೀರಿ. ಎರಡು ಜೋಡಣೆಯಲ್ಲಿ ಒಂದೊಂದು ಇಂಚು ಹೋಗಿ 61 ಇಂಚು ಉಳಿಯುತ್ತದೆ. ಒಬ್ಬರಿಗೆ ಧಾರಾಳವಾಯಿತು.

3. ಪಟ್ಟಿ ಹೊಲಿಯುವುದು

ಕೆಳಪದರು, ಒಳಪದರು, ಮೇಲ್ಪದರು ಹಾಸಿ, ಸುಕ್ಕು ಬಿಡಿಸಿ, ಉದ್ದ ಟಾಕಿಗಳ ಕಚ್ಚಾ ಹೊಲಿಗೆ ಹಾಕಿ. ಇದನ್ನು ತಪ್ಪಿಸಬೇಡಿ. ಗುಂಡುಪಿನ್ನು ಮಾತ್ರ ನಂಬಿದರೆ ಒಳಪದರು ಸರಿಯುತ್ತದೆ.

ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಕವಂದಿ ಎನ್ನುವ ತಮ್ಮ ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಇಡೀ ಹೊದಿಕೆಗೆ ಅದು ಸೊಗಸಾದ ಕ್ರಮ. ಪಟ್ಟಿಗೆ ಅದು ಒಗ್ಗುವುದಿಲ್ಲ. ಇಲ್ಲಿ ನಡುವಿನಿಂದ ಹೊರಗೆ ಹೋಗಬೇಕು. ಆಗ ಸಡಿಲವೆಲ್ಲ ಅಂಚಿಗೆ ಹೋಗುತ್ತದೆ, ಅಂಚನ್ನು ಹೇಗೂ ಕತ್ತರಿಸುತ್ತೇವಲ್ವಾ.

ಹೊಲಿಗೆಯ ಸಾಲು ಪಟ್ಟಿಯ ಉದ್ದಕ್ಕೇ ಹೋಗಲಿ. ಒಂದು ಬೆರಳಿನ ಅಂತರ ಇರಲಿ. ಅಡ್ಡ ಸಾಲು ಹಾಕಿದರೆ ಪ್ರತಿಯೊಂದು ದಾರದ ತುದಿಯೂ ಜೋಡಣೆಯ ಜಾಗಕ್ಕೇ ಬರುತ್ತದೆ. ಮಷಿನ್ ಆದರೆ ಎಲ್ಲ ಸಾಲನ್ನೂ ಒಂದೇ ತುದಿಯಿಂದ ಶುರು ಮಾಡಿ. ಹೋಗುವಾಗೊಂದು, ಬರುವಾಗೊಂದು ಹೊಲಿದರೆ ಪದರು ಓರೆಯಾಗಿ ಜಗ್ಗುತ್ತದೆ. 14 ನಂಬರ್ ಸೂಜಿ, ಟಾಕಿ ಸ್ವಲ್ಪ ದೊಡ್ಡದು, ಹತ್ತಿ ದಾರ. ಅಗ್ಗದ ಮಿರಮಿರ ದಾರ ತೊಳೆದಾಗ ಕಡಿಯುತ್ತದೆ.

ಮುಖ್ಯ ಮಾತು: ಜೋಡಿಸುವ ಅಂಚಿನಲ್ಲಿ ಎರಡು ಇಂಚು ಹೊಲಿಯದೆ ಬಿಡಿ. ಕತ್ತರಿಸಿದ ಮೇಲೂ ಒಂದೂವರೆ ಇಂಚು ಖಾಲಿ ಉಳಿಯಬೇಕು. ನಡುಪಟ್ಟಿಗೆ ಎರಡೂ ಬದಿ, ಹೊರಪಟ್ಟಿಗಳಿಗೆ ಒಳಬದಿ.

4. ಜೋಡಿಸುವುದು

ಇಲ್ಲಿ ಅವಸರ ಬೇಡ. ಜೋಡಣೆಗೆ ಎರಡು ಹೊಲಿಗೆ. ಮುಂದಿನದು ಭಾರ ಹೊರುವುದು, ಹಿಂದಿನದು ಮುಚ್ಚುವುದು. ಎರಡನ್ನೂ ಒಂದರಲ್ಲೇ ಮುಗಿಸಲು ಹೋಗಿಯೇ ಹಗ್ಗವಾಗುವುದು.

ಎರಡೂ ಪಟ್ಟಿಗಳ ಒಳಪದರು, ಕೆಳಪದರುಗಳನ್ನು ಹಿಂದಕ್ಕೆ ಮಡಚಿ ಪಿನ್ನು ಹಾಕಿ. ಮೇಲ್ಪದರು ಮಾತ್ರ ಬಿಡಿಯಾಗಿರಲಿ. ಆ ಎರಡು ಮೇಲ್ಪದರುಗಳ ಹೊರಗೆ ಕಾಣುವ ಮುಖ ಒಳಗೆ ಬರುವಂತೆ ಇಡಿ. ಮೊದಲು ಉದ್ದದ ನಟ್ಟನಡುವೆ ಒಂದು ಪಿನ್ನು, ಆಮೇಲೆ ಎರಡು ತುದಿ, ಆಮೇಲೆ ಗೇಣಿಗೊಂದು. ಒಂದು ತುದಿಯಿಂದ ಶುರು ಮಾಡಿ ಪಿನ್ನು ಹಾಕುತ್ತಾ ಹೋದರೆ ಕೊನೆಯಲ್ಲಿ ಒಂದು ಪಟ್ಟಿ ಉಳಿಯುತ್ತದೆ, ಆಗ ಎಳೆಯುತ್ತೀರಿ, ಕೌದಿ ಸೊಟ್ಟಗಾಗುತ್ತದೆ. ತುಸು ಉದ್ದ ಇರುವ ಪಟ್ಟಿಯನ್ನು ಮಷಿನ್ನಿನ ಹಲ್ಲಿನ ಕಡೆ, ಅಂದರೆ ಕೆಳಗೆ ಇಡಿ. ಹಲ್ಲು ಆ ಹೆಚ್ಚಳವನ್ನು ತಾನೇ ತಿಂದುಕೊಳ್ಳುತ್ತದೆ.

ಅಂಚಿನಿಂದ ಅರ್ಧ ಇಂಚಿಗೆ ಹೊಲಿಗೆ ಹಾಕಿ. ಕೈ ಹೊಲಿಗೆಯಾದರೆ ಸಾದಾ ಟಾಕಿ ಸಾಲದು, ಬಖಿಯಾ, ಅಂದರೆ ಪ್ರತಿ ಟಾಕಿಗೂ ಹಿಂದೆ ಬಂದು ಮುಂದೆ ಹೋಗುವ ಹೊಲಿಗೆ, ಹಾಕಿ. ಹೊಲಿಗೆಯ ಹಿಂದಿನ ಎರಡು ಅಂಚುಗಳನ್ನು ಒಂದೊಂದು ಕಡೆಗೆ ಅಗಲಿಸಿ ಇಸ್ತ್ರಿ ಮಾಡಿ.

ಈಗ ಕೌದಿ ತಿರುಗಿಸಿ. ಎರಡೂ ಒಳಪದರುಗಳು ಒಂದರ ಮೇಲೊಂದು ಕೂತಿರುತ್ತವೆ. ಬಹುತೇಕರು ಇದನ್ನು ಹಾಗೇ ಬಿಡುತ್ತಾರೆ. ಬಿಡಬೇಡಿ. ಎರಡನ್ನೂ ಮೇಲಿನ ಹೊಲಿಗೆಯ ಗೆರೆಗೆ ನೇರವಾಗಿ ಕತ್ತರಿಸಿ, ಅಂಚಿಗೆ ಅಂಚು ತಾಗುವಂತೆ ಮಾಡಿ. ಮೇಲೇರಬಾರದು, ಸಂದೂ ಬಿಡಬಾರದು. ಸಂದು ಬಿಟ್ಟರೆ ಅಲ್ಲಿ ಕೌದಿ ತೆಳ್ಳಗಾಗಿ ಬೇಗ ಹರಿಯುತ್ತದೆ. ಎರಡನ್ನೂ ಹಿಡಿದು ಅಂಕುಡೊಂಕಾಗಿ ಸಡಿಲ ಟಾಕಿ ಹಾಕಿ. ಬಿಗಿದರೆ ಅಂಚು ಎದ್ದು ನಿಲ್ಲುತ್ತದೆ.

ಕೊನೆಗೆ ಕೆಳಪದರು. ಒಂದು ಕಡೆಯದನ್ನು ಹಾಗೇ ಚಪ್ಪಟೆ ಹಾಸಿ. ಇನ್ನೊಂದರ ಅಂಚನ್ನು ಕಾಲು ಇಂಚು ಒಳಗೆ ಮಡಚಿ ಅದರ ಮೇಲೆ ಇಡಿ, ಕೈಯಿಂದ ಹೆಮ್ಮಿಂಗ್ ಮಾಡಿ. ಸೂಜಿ ಮುಂದಿನ ಮೇಲ್ಪದರಿಗೆ ಹೋಗಬಾರದು. ಫ್ಯೂಸಿಂಗ್ ಟೇಪು ಹಾಕಿ ಇಸ್ತ್ರಿ ಮಾಡಿದರೆ ಆಯಿತು ಎನ್ನುವ ವಿಡಿಯೋಗಳಿವೆ. ಕೌದಿಯ ಒಗೆತಕ್ಕೆ ಆ ಅಂಟು ತಡೆಯುವುದಿಲ್ಲ, ಜಾಗವೂ ಗಡುಸಾಗುತ್ತದೆ.

ಜೋಡಣೆಯ ಮೇಲೆ ಈಗ ಎರಡು ಇಂಚಿನಷ್ಟು ಖಾಲಿ ಜಾಗ ಉಳಿದಿದೆ. ಅಲ್ಲಿ ಎಲ್ಲ ಪದರು ಸೇರಿಸಿ, ಅದೇ ಬೆರಳಿನ ಅಂತರದಲ್ಲಿ ಸಾಲು ಹಾಕಿ ತುಂಬಿಸಿ. ಜೋಡಣೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಅಂಚಿನ ತನಕ ಹೊಲಿದುಬಿಟ್ಟಿದ್ದರೆ?

ಬಿಚ್ಚಬೇಡಿ, ಪಟ್ಟಿ ಹಾಕಿ ಮುಚ್ಚಬಹುದು. ಮುಂದಿನದಕ್ಕೆ ಒಂದು ಇಂಚಿಗಿಂತ ಒಂದು ಕೂದಲೆಳೆ ಜಾಸ್ತಿ ಅಗಲದ ಪಟ್ಟಿ. ಹಿಂದಿನದಕ್ಕೆ ಒಂದೂ ಮುಕ್ಕಾಲು ಇಂಚಿನ ಪಟ್ಟಿ, ಉದ್ದಕ್ಕೆ ಎರಡಾಗಿ ಮಡಚಿದ್ದು. ಮೊದಲ ತುಂಡಿನ ಮುಂದೆ ಒಂದು, ಹಿಂದೆ ಒಂದು ಇಟ್ಟು, ಕಾಲು ಇಂಚಿಗೆ ಒಟ್ಟಿಗೇ ಹೊಲಿಯಿರಿ. ಮುಂದಿನ ಪಟ್ಟಿಯ ಇನ್ನೊಂದು ಅಂಚನ್ನು ಎರಡನೇ ತುಂಡಿನ ಮುಂಭಾಗಕ್ಕೆ ಕಾಲು ಇಂಚಿಗೆ ಹೊಲಿಯಿರಿ. ಬಿಡಿಸಿದರೆ ಎರಡು ತುಂಡುಗಳ ಅಂಚು ಪಟ್ಟಿಯ ಕೆಳಗೆ ಒಂದಕ್ಕೊಂದು ತಾಗುತ್ತವೆ. ಹಿಂದಿನ ಮಡಿಕೆಯನ್ನು ಮೇಲೆಳೆದು ಹೆಮ್ಮಿಂಗ್ ಮಾಡಿ. ಇಲ್ಲಿ ಪಟ್ಟಿ ಎದ್ದು ಕಾಣುತ್ತದೆ, ಅದಕ್ಕೇ ಒಪ್ಪುವ ಬಣ್ಣ ಆರಿಸಿ.

ಬಳ್ಳಾರಿಯ ಜೀನ್ಸ್ ಘಟಕಗಳ ಕಟ್‌ಪೀಸ್ ಬಳಸುವವರಿಗೂ ಈ ಪಟ್ಟಿಯ ಕ್ರಮವೇ ಸರಿ, ಪಟ್ಟಿ ಮಾತ್ರ ತೆಳು ಹತ್ತಿಯದಿರಲಿ. ಸೂಜಿ 16 ನಂಬರ್. ಜೀನ್ಸ್ ಹಾಕಿದ ಮೇಲೆ ಒಳಪದರು ಬೇಡ, ಒದ್ದೆಯಾದರೆ ಎತ್ತಲಾಗದಷ್ಟು ಭಾರವಾಗುತ್ತದೆ.

ಸ್ವಸಹಾಯ ಸಂಘದವರು ಸೇರಿ ಹೊಲಿಯುವುದಾದರೆ ಮೂರನೇ ಕ್ರಮವೂ ಇದೆ. ಅಮೆರಿಕದ ಈಶಾನ್ಯ ರಾಜ್ಯಗಳ ಹೆಣ್ಣುಮಕ್ಕಳು 19ನೇ ಶತಮಾನದಲ್ಲೇ ಇದನ್ನು ಮಾಡುತ್ತಿದ್ದರು. 1861ರಿಂದ 1865ರ ತನಕ ನಡೆದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಕಳಿಸಿದ ಹೊದಿಕೆಗಳಲ್ಲೂ ಇಂಥವು ಇದ್ದವು. ಒಬ್ಬೊಬ್ಬರು ಒಂದೊಂದು ಚೌಕ ಹೊಲಿದು, ಸುತ್ತ ಗೋಟು, ಅಂದರೆ ಅಂಚು ಮುಚ್ಚುವ ಪಟ್ಟಿ, ಕಟ್ಟಿ ಪೂರ್ತಿ ಮುಗಿಸುತ್ತಾರೆ. ಆಮೇಲೆ ಅಂಚಿಗೆ ಅಂಚು ಸೇರಿಸಿ ಸುತ್ತುಟಾಕಿ ಹಾಕಿದರೆ ಆಯಿತು. ಎಲ್ಲರ ಚೌಕವೂ ಒಂದೇ ಅಳತೆಗೆ ಬರಬೇಕು, ಅದಕ್ಕೆ ರಟ್ಟಿನ ಅಚ್ಚು ಒಂದೇ ಇರಲಿ.

5. ಅಂಚು ಮತ್ತು ಒಗೆತ

ಸುತ್ತ ಗೋಟು ಕಟ್ಟಿ, ಕಚ್ಚಾ ಹೊಲಿಗೆ ಕಿತ್ತುಬಿಡಿ. ಮೊದಲ ಒಗೆತ ತಣ್ಣೀರಿನಲ್ಲಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿಯ ಭಾರ ಬಹಳ. ಒಣಹಾಕುವಾಗ ಜೋಡಣೆಯ ಗೆರೆ ಹಗ್ಗಕ್ಕೆ ಅಡ್ಡವಾಗಿ, ಮೇಲಿಂದ ಕೆಳಗೆ ಇಳಿಯುವಂತೆ ಹಾಕಿ. ಗೆರೆ ಹಗ್ಗದ ಉದ್ದಕ್ಕೇ ಬಂದರೆ ಕೆಳಗಿನ ಪಟ್ಟಿಯ ಪೂರ್ತಿ ಭಾರ ಆ ಹೊಲಿಗೆಯ ಮೇಲೆಯೇ ಜಗ್ಗುತ್ತದೆ.